ಸೊಪ್ಪು ಒದ್ದೆಯಿತ್ತು

(ನಮ್ಮ ಜೊತೆ ನಾವೇ ಒಳಗೆ ಆಡಿಕೊಳ್ಳುವ ಮಾತಿನ ಬಗ್ಗೆ ಶಿಡ್ಲಘಟ್ಟದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ. ಮಾತಿನ ಓಟವನ್ನು ಹೆಚ್ಚು ತಿದ್ದಿಲ್ಲ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರೇಷ್ಮೆ ಹುಳು ಮನೆಯ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದವರು ಇಲ್ಲಿ ಎಷ್ಟೋ ಜನ ಇದ್ದೀರಿ. ಮುಂದಿನ ಸಾಲಿನಲ್ಲಿ ಒಬ್ಬರು ಆಗಲೇ ಗಡಿಯಾರ ನೋಡಿಕೊಂಡರು. ಪೀಠಿಕೆ ಬೇಡ, ನೇರವಾಗಿ ಒಂದು ಸಂಗತಿಯಿಂದ ಶುರು ಮಾಡುತ್ತೇನೆ.

ನನಗೆ ಆಗ ಹದಿನಾಲ್ಕು ವರ್ಷ. ಚಿಂತಾಮಣಿ ಸೀಮೆಯ ಹಳ್ಳಿ ನಮ್ಮದು. ಮನೆಯಲ್ಲಿ ನೂರು ಮೊಟ್ಟೆ, ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆಗಳಷ್ಟು ಹುಳು, ಮೇಯಿಸುತ್ತಿದ್ದೆವು, ಬಿದಿರು ತಟ್ಟೆಗಳ ಕಾಲ. ಹುಳು ನಾಲ್ಕನೇ ಜ್ವರ, ಅಂದರೆ ಚರ್ಮ ಕಳಚುವ ನಿದ್ದೆ, ಎದ್ದು ನಾಲ್ಕು ದಿನವಾಗಿತ್ತು. ಆ ಹಂತದ ಹಸಿವು ಎಂಥದ್ದು ಅಂತ ನಿಮಗೆ ಹೇಳಬೇಕಾಗಿಲ್ಲ. ಹುಳು ತನ್ನ ಆಯಸ್ಸಿನಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಆ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ಅಷ್ಟರಲ್ಲಿ ಅಮ್ಮನ ತವರಿನಿಂದ ಸಾವಿನ ಸುದ್ದಿ ಬಂತು. ಅಪ್ಪ ಅಮ್ಮ ಇಬ್ಬರೂ ಹೊರಟರು. "ಸೊಪ್ಪಿನ ನೀರು ಆರಿಸಿ ಹಾಕು" ಅಂತ ಅಮ್ಮ ಬಸ್ಸಿನ ಕಿಟಕಿಯಿಂದಲೂ ಕೂಗಿ ಹೇಳಿದಳು.

ಸಂಜೆ ಮಳೆ ಹೊಡೆಯಿತು. ಕೊಯ್ದು ತಂದ ಸೊಪ್ಪೆಲ್ಲ ತೊಯ್ದು ತೊಪ್ಪೆ. ಹರಡೋಣವೆಂದರೆ ಪಡಸಾಲೆಯ ತುಂಬ ತಟ್ಟೆಗಳು. ಹುಳುಗಳೋ ತಲೆ ಎತ್ತಿ ಹುಡುಕಾಡುತ್ತಿದ್ದವು. ಹಳೇ ಸೀರೆಯಲ್ಲಿ ಒರೆಸಿದಷ್ಟು ಒರೆಸಿ ಹಾಕಿಬಿಟ್ಟೆ. ರಾತ್ರಿಯೆಲ್ಲ ಅವು ಮೇಯುವ ಚರಚರ ಸದ್ದು ಕೇಳುತ್ತಾ, ಒಳ್ಳೆಯದೇ ಮಾಡಿದೆ ಅಂದುಕೊಂಡು ಮಲಗಿದೆ. ಮೂರನೇ ದಿನ ಹುಳು ಮೆತ್ತಗಾದವು, ಸೊಪ್ಪು ಮುಟ್ಟಲಿಲ್ಲ, ಆಮೇಲೆ ವಾಸನೆ. ಸಪ್ಪೆ ರೋಗ. ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಮೊದಲೇ ತಟ್ಟೆ ತಟ್ಟೆಯೇ ಗುಂಡಿಗೆ ಹೋಯಿತು.

ಅಪ್ಪ ಬೈಯಲಿಲ್ಲ. ಹೊಸ್ತಿಲಲ್ಲಿ ನಿಂತಿದ್ದ ಅಜ್ಜಿ ಒಂದೇ ಮಾತು ಹೇಳಿದಳು. ನಮ್ಮ ಮನೆಮಾತು ತೆಲುಗು. "ದೀನಿ ಹಸ್ತವಾಸಿ ಮಂಚಿದಿ ಕಾದು." ಇವಳ ಕೈಗುಣ ಒಳ್ಳೆಯದಲ್ಲ.

ಅಜ್ಜಿ ಕೆಟ್ಟವಳಲ್ಲ. ಬೆಳೆ ಹೋದ ಸಂಕಟದಲ್ಲಿ ಒಂದು ಮಾತು ಬಂತು, ಅವಳು ವಾರದಲ್ಲಿ ಅದನ್ನು ಮರೆತಿರಬೇಕು. ನಾನು ಮರೆಯಲಿಲ್ಲ. ಅನ್ನ ತಳ ಹಿಡಿದರೆ, ನೆಟ್ಟ ಗಿಡ ಒಣಗಿದರೆ, ತರಗತಿಯಲ್ಲಿ ಪಾಠ ಸರಿಯಾಗಿ ಬಾರದಿದ್ದರೆ, ಮಗುವಿಗೆ ಜ್ವರ ಬಂದರೂ ಕೂಡ, ಒಳಗೆ ಅದೇ ವಾಕ್ಯ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಆದರೆ ನನ್ನನ್ನು ನಾನು ಬೈದುಕೊಂಡಿದ್ದೆಲ್ಲ ತೆಲುಗಿನಲ್ಲಿ, ಅಜ್ಜಿಯ ದನಿಯಲ್ಲಿ.

ನಲವತ್ತು ದಾಟಿದ ಮೇಲೆ ಒಂದು ದಿನ, ರೇಷ್ಮೆ ಇಲಾಖೆಯಿಂದ ನಿವೃತ್ತರಾದವರೊಬ್ಬರ ಜೊತೆ ಮಾತಾಡುತ್ತಾ ಆ ಬೆಳೆಯ ವಿಷಯ ಬಂತು. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಪ್ರಶ್ನೆ ಕೇಳಿದರು. ಅದು ಯಾವ ತಿಂಗಳು? ಕಿಟಕಿ ಎಷ್ಟಿದ್ದವು? ತಟ್ಟೆಯಲ್ಲಿ ಹುಳು ದಟ್ಟವಾಗಿತ್ತಾ? ಹಿಂದಿನ ಬೆಳೆ ಆದಮೇಲೆ ಮನೆ ತೊಳೆದು ಸೋಂಕು ನಿವಾರಣೆ ಮಾಡಿದ್ದಿರಾ? ಊರಲ್ಲಿ ಬೇರೆಯವರ ಬೆಳೆ ಹೇಗಾಯಿತು? ನಾನು ಯೋಚಿಸಿದೆ. ಧಗೆಯ ತಿಂಗಳು, ಗಾಳಿಯಾಡದ ಮನೆ, ಒತ್ತೊತ್ತಾಗಿ ಹುಳು. ಆ ಸಲ ನಮ್ಮ ಬೀದಿಯಲ್ಲೇ ಇನ್ನೂ ಮೂರು ಮನೆಗಳಲ್ಲಿ ಬೆಳೆ ಹೋಗಿತ್ತು! ಅಷ್ಟು ವರ್ಷ ಆ ಮೂರು ಮನೆಗಳು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಕೊನೆಗೆ ಅವರು ಹೇಳಿದರು: "ಸೊಪ್ಪು ಒದ್ದೆಯಿತ್ತು, ಅದೂ ಒಂದು ಕಾರಣ."

ಸೊಪ್ಪು ಒದ್ದೆಯಿತ್ತು. ಕೈಗುಣ ಸರಿಯಿಲ್ಲ. ಈ ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಅಂತ ಕೇಳುವುದಕ್ಕೇ ನಾನು ಇವತ್ತು ಬಂದದ್ದು. ಮೊದಲನೆಯದು ನಡೆದದ್ದು. ಎರಡನೆಯದು ತೀರ್ಪು. ಮೊದಲನೆಯದನ್ನು ಕೇಳಿದರೆ ಮುಂದಿನ ಸಲ ಏನು ಮಾಡಬೇಕು ಅಂತ ತಾನಾಗಿ ಹೊಳೆಯುತ್ತದೆ: ಆರಿಸಲು ಜಾಗ ಮಾಡಿಕೊ, ನೆರೆಮನೆಯಿಂದ ಒಣ ಸೊಪ್ಪು ಕೇಳು. ಎರಡನೆಯದನ್ನು ಕೇಳಿದರೆ ಏನು ಮಾಡುತ್ತೀರಿ? ಕೈ ಕತ್ತರಿಸಿಕೊಳ್ಳಲು ಆಗುತ್ತದೆಯೇ?

ನಮ್ಮ ಜೊತೆ ನಾವು ಮೃದುವಾಗಿ ಮಾತಾಡಿಕೊಳ್ಳಬೇಕು ಅಂದ ತಕ್ಷಣ ಜನ ಹೆದರುತ್ತಾರೆ. ತಪ್ಪನ್ನು ಮುಚ್ಚಿಹಾಕುವುದು, ತಲೆ ಸವರಿಕೊಂಡು ಕೂರುವುದು ಅಂತ ಭಾವಿಸುತ್ತಾರೆ. ಒದ್ದೆ ಸೊಪ್ಪನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಹಾಕಿದ್ದು ನಾನೇ. ಅದನ್ನು ಇಟ್ಟುಕೊಂಡು ಕೈಗುಣದ ಮಾತನ್ನು ಕೆಳಗಿಳಿಸಿದೆ, ಅಷ್ಟೇ. ಅಷ್ಟಕ್ಕೆ ಬಹಳ ವರ್ಷ ಬೇಕಾಯಿತು.

ಒಳಗಿನ ಈ ಮಾತು ಎಲ್ಲಿಂದ ಬರುತ್ತದೆ? ಎರಡು ಮೂರು ವರ್ಷದ ಮಗು ಒಬ್ಬಂಟಿಯಾಗಿ ಆಡುವುದನ್ನು ನೋಡಿ. "ಇದನ್ನ ಇಲ್ಲಿಡು, ಬೀಳಿಸ್ಬೇಡ, ಹುಷಾರು" ಅಂತ ತನಗೆ ತಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿರುತ್ತದೆ. ಅವು ಅದರ ಮಾತಲ್ಲ, ಅಮ್ಮ ಹೇಳಿದವು, ಅಣ್ಣ ಹೇಳಿದವು. ಮಗು ಬೆಳೆದಂತೆ ಈ ಗಟ್ಟಿ ಮಾತು ಪಿಸುಮಾತಾಗಿ, ಕೊನೆಗೆ ಒಳಗೆ ಇಳಿದುಬಿಡುತ್ತದೆ ಅಂತ ವಿವರಿಸಿದವರು ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ. 1934ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡವರು. ಅವರ ಮಾತನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಳಗಿನ ಮಾತು ಮೊದಲಿಗೆ ಎರವಲು. ಎರವಲು ತಂದ ಕುಡುಗೋಲು ನಮ್ಮನ್ನೇ ಕುಯ್ಯುತ್ತಿದ್ದರೆ ವಾಪಸ್ ಕೊಡಬಹುದಲ್ಲವೇ?

ಈ ಜಿಲ್ಲೆಯವರಿಗೆ ಇಲ್ಲಿ ಇನ್ನೊಂದು ಮಾತು ಹೇಳಬೇಕು. ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ ಕಡೆ ನಾವು ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು ಮಾತಾಡುವವರು. ಗೂಡಿನಿಂದ ನೂಲು ತೆಗೆಸುವ ರೀಲರ್ ಮನೆಗಳಲ್ಲಿ ಉರ್ದು, ನಮ್ಮಂಥ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಈಗ ಮಕ್ಕಳಿಗೆ ಇಂಗ್ಲಿಷ್. ನಿಮ್ಮೊಳಗಿನ ಬೈಗುಳ ಯಾವ ಭಾಷೆಯಲ್ಲಿದೆ ಅಂತ ಒಂದು ಸಲ ಕಿವಿಗೊಟ್ಟು ಕೇಳಿಕೊಳ್ಳಿ. 2003ರಲ್ಲಿ ಅಮೆರಿಕದ ಮನೋವಿಜ್ಞಾನಿ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಟರ್ಕಿಶ್ ಮಾತೃಭಾಷೆಯಾಗಿದ್ದು ಆಮೇಲೆ ಇಂಗ್ಲಿಷ್ ಕಲಿತವರಿಗೆ ಎರಡೂ ಭಾಷೆಗಳಲ್ಲಿ ಮಾತುಗಳನ್ನು ಕೊಟ್ಟು, ಚರ್ಮದ ಸೂಕ್ಷ್ಮ ಬೆವರಿನ ಬದಲಾವಣೆಯನ್ನು ಅಳೆದರು. ಚಿಕ್ಕಂದಿನಲ್ಲಿ ದೊಡ್ಡವರು ಗದರಿಸುವ ರೀತಿಯ ಮಾತುಗಳಿಗೆ, ಅವು ಮೊದಲ ಭಾಷೆಯಲ್ಲಿದ್ದಾಗ, ಮೈ ಹೆಚ್ಚು ಬೆವರಿತು. ಅದೇ ಗದರಿಕೆ ಇಂಗ್ಲಿಷಿನಲ್ಲಿದ್ದಾಗ ಅಷ್ಟಾಗಿ ತಟ್ಟಲಿಲ್ಲ.

ಬೈಗುಳ ಮನೆಮಾತಿನಲ್ಲಿದ್ದರೆ ಸಾಂತ್ವನವೂ ಮನೆಮಾತಿನಲ್ಲೇ ಇರಬೇಕು ಅನ್ನುವುದು ಇದರಿಂದ ನಾನು ತೆಗೆದುಕೊಂಡ ಅರ್ಥ. ಮೊಬೈಲಿನಲ್ಲಿ ಬೆಳಗಾದರೆ ಬರುವ ಇಂಗ್ಲಿಷ್ ಘೋಷಣೆಗಳು ಅಜ್ಜಿಯ ತೆಲುಗನ್ನು ಮುಟ್ಟಲಾರವು. ನನಗೆ ಕೊನೆಗೆ ಕೆಲಸಕ್ಕೆ ಬಂದದ್ದು ಅಮ್ಮನ ಒಂದು ಪದ: "ಪೋನೀಲೇ". ಹೋಗಲಿ ಬಿಡು. ಬಿದ್ದು ಮಂಡಿ ತರಚಿದಾಗ ಅಮ್ಮ ಎಂಜಲು ಹಚ್ಚುತ್ತಾ ಹೇಳುತ್ತಿದ್ದ ಪದ. ಬೈಗುಳವನ್ನು ಜೋಪಾನವಾಗಿ ಇಟ್ಟುಕೊಂಡಿದ್ದ ನಾನು ಅದೇ ಮನೆಯಲ್ಲಿ ಸಿಕ್ಕಿದ್ದ ಈ ಪದವನ್ನು ಮೂಲೆಗೆ ಎಸೆದಿದ್ದೆ.

ಘೋಷಣೆಗಳ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. "ನಾನು ಅದ್ಭುತ, ನಾನು ಏನು ಬೇಕಾದರೂ ಸಾಧಿಸಬಲ್ಲೆ" ಅಂತ ಕನ್ನಡಿ ಮುಂದೆ ಹೇಳಿಕೊಳ್ಳಿ ಅನ್ನುವವರಿದ್ದಾರೆ. ಕೆನಡಾದ ಮನೋವಿಜ್ಞಾನಿ ಜೊವಾನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಪರೀಕ್ಷಿಸಿದರು. "ನಾನು ಪ್ರೀತಿಗೆ ಯೋಗ್ಯಳು" ಎಂಬಂಥ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಳ್ಳಲು ತಿಳಿಸಿದರು. ಮೊದಲೇ ತಮ್ಮ ಬಗ್ಗೆ ಒಳ್ಳೆಯ ಭಾವನೆ ಇದ್ದವರಿಗೆ ತುಸು ಹಿತವಾಯಿತು. ತಮ್ಮನ್ನು ಕೀಳಾಗಿ ಕಾಣುತ್ತಿದ್ದವರಿಗೆ ಮಾತ್ರ, ಹೇಳಿಕೊಳ್ಳದೇ ಇದ್ದವರಿಗಿಂತ ಹೆಚ್ಚು ಬೇಸರವಾಯಿತು. ಔಷಧಿ ಯಾರಿಗೆ ಬೇಕಿತ್ತೋ ಅವರಿಗೇ ಅದು ಒಗ್ಗಲಿಲ್ಲ. ಯಾಕೆಂದರೆ ಒಳಗೆ ಕೂತ ದನಿ ತಕ್ಷಣ ಕೇಳುತ್ತದೆ, "ಹೌದಾ? ಹಾಗಾದರೆ ಮೊನ್ನೆ ನಡೆದದ್ದೇನು?" ನಂಬಲಾಗದ ಹೊಗಳಿಕೆಗಿಂತ ನಂಬಬಹುದಾದ ಒಂದು ಸಣ್ಣ ವಾಕ್ಯ ಮೇಲು. "ಇವತ್ತು ಕಷ್ಟವಾಗಿತ್ತು, ಆದರೂ ಎದ್ದು ಬಂದೆ." ಇದರ ಜೊತೆ ಯಾರೂ ಜಗಳ ಆಡಲಾಗದು.

ಇನ್ನೊಂದು ಕಡೆ, "ಅಯ್ಯೋ ನನ್ನ ಕರ್ಮ, ನನ್ನ ಹಣೆಬರಹ" ಅನ್ನುವುದೂ ಕರುಣೆಯಲ್ಲ. ಕೇಳಲು ಮೆತ್ತಗಿದ್ದರೂ ಅದೂ ತೀರ್ಪೇ, ಕೊಟ್ಟವನು ಮಾತ್ರ ಬೇರೆ.

ಒಂದು ಉದಾಹರಣೆ ಕೊಡುತ್ತೇನೆ. ಗುರುತು ಸಿಗದ ಹಾಗೆ ಹೇಳುತ್ತೇನೆ. ಪಿಯುಸಿ ಓದುತ್ತಿದ್ದ ಒಬ್ಬ ಹುಡುಗಿ ನನ್ನ ಮುಂದೆ ಕೂತು ಒಂದೇ ಮಾತು ಹೇಳುತ್ತಿದ್ದಳು: "ಮೇಡಂ, ನಾನು ದಡ್ಡಿ." ಅಲ್ಲಮ್ಮಾ ನೀನು ಜಾಣೆ ಅಂದೆ. ಅವಳು ನೆಲ ನೋಡಿದಳು. ನನ್ನ ಮಾತು ನೀರಲ್ಲಿ ಹೋಯಿತು. ಆಮೇಲೆ ಕೇಳಿದೆ, "ಏನಾಯಿತು ಅದನ್ನು ಹೇಳು." ಕೆಮಿಸ್ಟ್ರಿ ಕಿರುಪರೀಕ್ಷೆಯಲ್ಲಿ 50ಕ್ಕೆ 14. ಉತ್ತರ ಪತ್ರಿಕೆ ತಂದು ಮೇಜಿನ ಮೇಲೆ ಹರಡಿದಳು. ಇಬ್ಬರೂ ಪುಟ ತಿರುಗಿಸಿದೆವು. ಬರೆದದ್ದರಲ್ಲಿ ತಪ್ಪು ಕಡಿಮೆ, ಆದರೆ ಸಾಲು ಸಾಲಾಗಿ ಖಾಲಿ ಬಿಟ್ಟಿದ್ದಳು. ಬಿಟ್ಟದ್ದೆಲ್ಲ ಒಂದೇ ಪಾಠದ ಪ್ರಶ್ನೆಗಳು. "ಈ ಪಾಠ ಆದಾಗ ಎಲ್ಲಿದ್ದೆ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮನೇಲಿ ಹುಳು ಹಣ್ಣಾಗಿ ಗೂಡು ಕಟ್ಟೋಕೆ ಬಂದಿತ್ತು ಮೇಡಂ. ಅದಕ್ಕೂ ಮುಂಚೆ ಅಮ್ಮನಿಗೆ ಹುಷಾರಿರಲಿಲ್ಲ. ಹದಿನೈದು ದಿನ ಬರಲಿಲ್ಲ."

ಆ ಹುಡುಗಿಯ ಕೈಯಲ್ಲಿ ಒಂದು ಚೀಟಿಯ ಮೇಲೆ ಬರೆಸಿದೆ: "ಹದಿನೈದು ದಿನ ಕಾಲೇಜಿಗೆ ಬಂದಿರಲಿಲ್ಲ. ಆ ಪಾಠ ನನಗೆ ಇನ್ನೂ ಯಾರೂ ಹೇಳಿಲ್ಲ." ದಡ್ಡಿ ಅನ್ನುವ ಪದದಿಂದ ಅಳು ಮಾತ್ರ ಬರುತ್ತಿತ್ತು. ಈ ವಾಕ್ಯದಿಂದ ಅವಳ ಕಾಲು ತಾನಾಗಿ ಸ್ಟಾಫ್ ರೂಮಿನ ಕಡೆ ಹೋಯಿತು, ಪಾಠ ಹೇಳಿಕೊಡಿ ಅಂತ ಕೇಳಲು. ಅವಳು ಮುಂದೆ ಎಷ್ಟು ಅಂಕ ತೆಗೆದಳು ಅನ್ನುವುದನ್ನು ಬೇಕೆಂದೇ ಹೇಳುತ್ತಿಲ್ಲ. ಅವಳು ಎದ್ದು ಹೋಗಿ ಕೇಳಿದಳಲ್ಲ, ನನಗೆ ಅದು ಮುಖ್ಯ.

ಬೈದರೇ ಬುದ್ಧಿ ಬರುವುದು ಅಂತ ನಂಬಿದ ಸಮಾಜ ನಮ್ಮದು. ಮೇಷ್ಟ್ರು ಬೈದರು, ಅಪ್ಪ ಬೈದರು, ಅದಕ್ಕೇ ಉದ್ಧಾರವಾದೆವು ಅನ್ನುತ್ತೇವೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ 2012ರಲ್ಲಿ ಇದರ ಇನ್ನೊಂದು ಮುಖ ತೋರಿಸಿದರು. ವಿದ್ಯಾರ್ಥಿಗಳಿಗೆ ಕಠಿಣವಾದ ಪದಪರೀಕ್ಷೆ ಕೊಟ್ಟರು. ಒಂದು ಗುಂಪಿಗೆ, ಇಂಥ ಪರೀಕ್ಷೆ ಕಷ್ಟವಾಗುವುದು ಸಹಜ, ನಿಮ್ಮ ಮೇಲೆ ನೀವು ಕಠಿಣವಾಗಬೇಡಿ ಅಂದರು. ಇನ್ನೊಂದು ಗುಂಪಿಗೆ ನೀವು ಜಾಣರೇ ಬಿಡಿ ಅಂದರು. ಮತ್ತೊಂದಕ್ಕೆ ಏನೂ ಹೇಳಲಿಲ್ಲ. ಆಮೇಲೆ ಎರಡನೇ ಪರೀಕ್ಷೆಗೆ ಬೇಕಾದಷ್ಟು ಹೊತ್ತು ಓದಿಕೊಳ್ಳಿ ಅಂತ ಬಿಟ್ಟರು. ಹೆಚ್ಚು ಹೊತ್ತು ಕೂತು ಓದಿದ್ದು ಮೊದಲನೇ ಗುಂಪು. ಹೊಗಳಿಸಿಕೊಂಡವರೂ ಅಷ್ಟು ಓದಲಿಲ್ಲ.

ನಮ್ಮಲ್ಲೇ ನೋಡಿ, 2024ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಮೂರು ಪರೀಕ್ಷೆ ಬಂತು. ಇನ್ನೊಂದು ಸಲ ಬರೆ ಅಂತ ವ್ಯವಸ್ಥೆಯೇ ಹೇಳುತ್ತಿದೆ. ಆದರೆ ಮೊದಲ ಫಲಿತಾಂಶದ ದಿನ ಮಗುವಿನ ಒಳಗೆ "ಎಲ್ಲಾ ಮುಗೀತು" ಅನ್ನುವ ದನಿ ಎದ್ದರೆ, ಎರಡನೇ ಪರೀಕ್ಷೆಯ ಅರ್ಜಿ ತುಂಬುವ ಕೈ ಎಲ್ಲಿಂದ ಬರಬೇಕು? ಈ "ಎಲ್ಲಾ" ಎಂಬ ಪದದ ಮೇಲೆ ಕಣ್ಣಿಡಿ. "ಯಾವಾಗಲೂ", "ಯಾರಿಗೂ", "ಎಂದಿಗೂ" ಕೂಡ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆಯ ರೋಗಿಗಳ ಮಾತು ಕೇಳುತ್ತಾ, ಅವರು ಹೊರಗೆ ಹೇಳುವುದರ ಕೆಳಗೆ ಇನ್ನೊಂದು ಆಲೋಚನೆ ತಾನಾಗಿ, ಮಿಂಚಿನಂತೆ ಹರಿಯುತ್ತಿರುವುದನ್ನು ಗಮನಿಸಿದರು. ಅದು ಎಷ್ಟು ಬೇಗ ಬಂದು ಹೋಗುತ್ತದೆಂದರೆ ಅದನ್ನು ಆಲೋಚನೆ ಅಂತಲೇ ನಾವು ಗುರುತಿಸುವುದಿಲ್ಲ, ಸತ್ಯ ಅಂದುಕೊಳ್ಳುತ್ತೇವೆ. ಕಾಗದದ ಮೇಲೆ ಬರೆದಾಗ ಅದರ ವೇಗ ತಗ್ಗುತ್ತದೆ. ಅದಕ್ಕೇ ಆ ಹುಡುಗಿಗೆ ಚೀಟಿ ಕೊಟ್ಟದ್ದು.

ಮಾತು ಬದಲಿಸಲು ನನಗೆ ಅನುಕೂಲವಾದ ಇನ್ನೊಂದು ದಾರಿ, "ನಾನು" ಬಿಟ್ಟು "ನೀನು" ಅಂತಲೋ ಹೆಸರು ಹಿಡಿದೋ ಕರೆದುಕೊಳ್ಳುವುದು. ಅಮೆರಿಕದ ಮನೋವಿಜ್ಞಾನಿ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುಂಚೆ ತಮ್ಮ ಹೆಸರು ಹಿಡಿದು ತಮಗೆ ಹೇಳಿಕೊಂಡವರು ಕಡಿಮೆ ಕಳವಳದಿಂದ ಮಾತಾಡಿದರು, ಆಮೇಲೆ ಅದನ್ನೇ ನೆನೆದು ಕೊರಗಿದ್ದೂ ಕಡಿಮೆ. ಆದರೆ ಎಚ್ಚರ, ಬೈಯುವ ದನಿಯೂ "ನೀನು" ಅಂತಲೇ ಕರೆಯುತ್ತದೆ. ಹೆಸರು ಕರೆದ ಮೇಲೆ ಏನು ಹೇಳುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಕನ್ನಡ ಮೇಷ್ಟ್ರು ಕೆಲಸದ ಅಭ್ಯಾಸ, ಒಂದು ವ್ಯಾಕರಣದ ಮಾತು. ನಮ್ಮ ಭಾಷೆಯಲ್ಲಿ "ಕೊಳ್ಳು" ಅಂತ ಸೇರಿಸಿದರೆ ಸಾಕು, ಕೆಲಸ ನಮ್ಮ ಕಡೆ ತಿರುಗುತ್ತದೆ. ಬಡಿಸು, ಬಡಿಸಿಕೊ. ಎಲ್ಲರಿಗೂ ಬಡಿಸಿ, ಉಳಿದದ್ದನ್ನು ನಿಂತೇ ಬಡಿಸಿಕೊಳ್ಳುವ ಹೆಂಗಸರು ಇಲ್ಲಿ ಎಷ್ಟೋ ಜನ ಕೂತಿದ್ದೀರಿ. ಸಂತೈಸು, ಸಂತೈಸಿಕೊ. ನೆರೆಮನೆಯವಳ ಬೆಳೆ ಹೋದರೆ ಓಡಿ ಹೋಗಿ "ಇರಲಿ ಬಿಡಕ್ಕ, ಮುಂದಿನ ಬೆಳೆ ಕೈ ಹಿಡಿಯುತ್ತೆ" ಅನ್ನುತ್ತೀರಿ. ನಿಮ್ಮದು ಹೋದಾಗ ಆ "ಕೊಳ್ಳು" ಎಲ್ಲಿ ಹೋಗುತ್ತದೆ?

ಹುಳು ಜ್ವರಕ್ಕೆ ಹೋದಾಗ ನೀವೇನು ಮಾಡುತ್ತೀರಿ ನೆನಪಿಸಿಕೊಳ್ಳಿ. ಸೊಪ್ಪು ಹಾಕುವುದನ್ನು ನಿಲ್ಲಿಸುತ್ತೀರಿ. ಹಾಸು ಒಣಗಿರಲಿ ಅಂತ ಸುಣ್ಣದ ಪುಡಿ ಎರಚುತ್ತೀರಿ. ಮುಟ್ಟುವುದಿಲ್ಲ, ಅಲುಗಿಸುವುದಿಲ್ಲ, ಮಕ್ಕಳನ್ನೂ ಒಳಗೆ ಬಿಡುವುದಿಲ್ಲ. ತಲೆ ಎತ್ತಿ ಕಲ್ಲಿನಂತೆ ನಿಂತ ಹುಳುವನ್ನು ನೋಡಿ "ಸೋಮಾರಿ, ತಿನ್ನೋದಿಲ್ಲ" ಅಂತ ಯಾರೂ ಬೈಯುವುದಿಲ್ಲ. ಒಳಗೆ ಹೊಸ ಚರ್ಮ ಬರುತ್ತಿದೆ ಅಂತ ನಿಮಗೆ ಗೊತ್ತು. ಇಷ್ಟು ತಾಳ್ಮೆ ನಿಮ್ಮ ಕೈಯಲ್ಲಿ ಆಗಲೇ ಇದೆ, ನಾನು ಹೊಸದಾಗಿ ಕಲಿಸಬೇಕಾದ್ದು ಏನೂ ಇಲ್ಲ.

ಒಂದು ಮಿತಿಯನ್ನು ಹೇಳದೆ ಇಳಿಯಬಾರದು. ಗೂಡಿನ ಬೆಲೆ ಕುಸಿದಾಗ, ಸಾಲದವರು ಬಾಗಿಲಿಗೆ ಬಂದಾಗ, ಮನೆಯಲ್ಲಿ ಕುಡಿದು ಹೊಡೆಯುವವರಿದ್ದಾಗ, ನಿನ್ನ ಜೊತೆ ನೀನು ಚೆನ್ನಾಗಿ ಮಾತಾಡಿಕೋ ಸಾಕು ಅಂತ ಯಾರಾದರೂ ಹೇಳಿದರೆ ಅದು ಅನ್ಯಾಯ. ಅಲ್ಲಿ ಬೇಕಾದ್ದು ಹಣ, ಕಾನೂನು, ನೆರವು. ಒಳಗಿನ ಮಾತು ಸರಿಯಿದ್ದರೆ ಆ ನೆರವು ಕೇಳಲು ನಾಚಿಕೆ ಕಡಿಮೆಯಾಗುತ್ತದೆ, ಅಷ್ಟು ಮಾತ್ರ. ಇನ್ನು ಒಳಗಿನ ದನಿ "ನೀನು ಇರಬೇಡ" ಅನ್ನುವ ಮಟ್ಟಕ್ಕೆ ಹೋಗಿದ್ದರೆ ಒಬ್ಬರೇ ಅದರ ಜೊತೆ ಕೂರಬೇಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈಗಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ನಿಮಗಲ್ಲದಿದ್ದರೆ ಇನ್ನೊಬ್ಬರಿಗೆ.

ಪ್ರಶ್ನೆಗಳು.

ಕಾಲೇಜು ಹುಡುಗನೊಬ್ಬ ಕೇಳಿದ: "ನಾನು ನಿಜವಾಗಿ ತಪ್ಪು ಮಾಡಿದ್ದರೆ? ಸ್ನೇಹಿತನಿಗೆ ಮೋಸ ಮಾಡಿದ್ದರೆ?" ಆಗ ನಡೆದದ್ದನ್ನು ಪೂರ್ತಿಯಾಗಿ ಹೇಳಿಕೋ, ಒಂದು ಪದವನ್ನೂ ಕಡಿಮೆ ಮಾಡಬೇಡ. "ಅವನ ದುಡ್ಡು ತೆಗೆದುಕೊಂಡೆ, ಸುಳ್ಳು ಹೇಳಿದೆ." ಇದಕ್ಕೆ ಮುಂದಿನ ಹೆಜ್ಜೆ ಇದೆ, ಹೋಗಿ ಒಪ್ಪಿಕೊಂಡು ದುಡ್ಡು ಕೊಡುವುದು. "ನಾನು ನೀಚ" ಅಂತ ಮೂಲೆಯಲ್ಲಿ ಕೂತರೆ ಸ್ನೇಹಿತನಿಗೆ ದುಡ್ಡೂ ಬರುವುದಿಲ್ಲ, ಕ್ಷಮೆಯೂ ಸಿಗುವುದಿಲ್ಲ.

ಹಿಂದಿನ ಸಾಲಿನ ಹೆಣ್ಣುಮಗಳೊಬ್ಬರು, ನೂಲು ತೆಗೆಯುವ ಕೆಲಸದವರು: "ಬರೆಯಲು ಪುರುಸೊತ್ತಿಲ್ಲ, ಅಕ್ಷರವೂ ಅಷ್ಟಕ್ಕಷ್ಟೆ." ಬರೆಯಬೇಕಾಗಿಲ್ಲ. ಬಿಸಿನೀರಲ್ಲಿ ಗೂಡಿನ ಎಳೆ ಹುಡುಕುವಾಗ ನಿಮ್ಮ ಬೆರಳು ಹೇಗೆ ಕೆಲಸ ಮಾಡುತ್ತೆ? ಎಳೆ ತುಂಡಾದರೆ ಬೈದುಕೊಂಡು ಕೂರುತ್ತೀರಾ? ಅವರು ನಕ್ಕು, "ಇಲ್ಲ, ತುದಿ ಹುಡುಕಿ ಸೇರಿಸ್ತೀವಿ" ಅಂದರು. ಮನಸ್ಸಿನಲ್ಲಿ ಬೈಗುಳ ಬಂದಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: "ಆಗಿದ್ದೇನು?" ಇಷ್ಟಕ್ಕೆ ಕಾಗದ ಬೇಡ.

ಕೊನೆಗೆ ಒಬ್ಬ ತಂದೆ: "ಮಕ್ಕಳಿಗೆ ಇದನ್ನ ಹೇಗೆ ಹೇಳಿಕೊಡೋದು?"

ಹೇಳಿಕೊಡುವುದಕ್ಕಿಂತ, ಅವರ ಕಿವಿಗೆ ಬೀಳುವ ಹಾಗೆ ನಿಮಗೆ ನೀವೇ ಹೇಳಿಕೊಳ್ಳಿ. ನಮ್ಮ ಅಮ್ಮನಿಗೆ ಈಗ ಎಂಬತ್ತು ದಾಟಿದೆ, ಕೈ ನಡುಗುತ್ತದೆ. ಈಚೆಗೆ ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಜಾರಿ ಅಡುಗೆಮನೆಯೆಲ್ಲ ಹಾಲಾಯಿತು. ಅಮ್ಮ ಗೋಡೆ ಹಿಡಿದು ನಿಂತು, "ಥೂ, ನನ್ನ ಕೈಗಿಷ್ಟು" ಅಂದಳು. ಮೊಮ್ಮಗಳು ಬಾಗಿಲಲ್ಲೇ ನಿಂತಿದ್ದಳು. ನಾನು ಬಟ್ಟೆ ತಂದು ನೆಲಕ್ಕೆ ಕೂತೆ. "ಪಾತ್ರೆ ಜಾರಿತು ಅಮ್ಮ" ಅಂದೆ. ಅವಳು ತನ್ನ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು, "ತಲೆಗೆ ಎಣ್ಣೆ ಹಚ್ಚಿಕೊಂಡು ಕೈ ತೊಳೆದಿರಲಿಲ್ಲ ಕಣೆ."

ಮೊಮ್ಮಗಳು ಸೋಪು ತರಲು ಓಡಿದಳು.